ಎಳೆಯದೆ ಬಿಟ್ಟ ಎರಡನೆಯ ಗೆರೆ

ಹದಿನಾಲ್ಕು ಪೆಟ್ಟಿಗೆಗಳು ತಲುಪಬೇಕಾದಲ್ಲಿಗೆ ತಲುಪಲಿಲ್ಲ. ತಲುಪಿದವು ಎಂದು ನೀವು ಬರೆದಿರಿ. ತಲುಪಿಲ್ಲವೆಂದು ತಿಳಿದ ಮೇಲೂ ಬರೆದದ್ದನ್ನು ತಿದ್ದಲಿಲ್ಲ. ಈಗ ಅದೇ ಸುಳ್ಳನ್ನು ನುಣುಪು ಕಾಗದದ ಮೇಲೆ ಬಣ್ಣದಲ್ಲಿ ಅಚ್ಚು ಹಾಕಿಸಿ ನಮ್ಮೆಲ್ಲರ ಮನೆಗೆ ಅಂಚೆಯಲ್ಲಿ ಕಳಿಸಿದ್ದೀರಿ.

ಚಾಟ್ಸ್‌ವರ್ತ್‌ನ ಗೋದಾಮಿನಿಂದ ಹೊರದೇಶಗಳಿಗೆ ವೈದ್ಯಕೀಯ ಸಾಮಗ್ರಿ ಕಳಿಸುವ, ಕನ್ನಡದವರೇ ಮುಂದೆ ನಿಂತು ಕಟ್ಟಿದ ಸೇವಾಸಂಸ್ಥೆಯ ನಿರ್ದೇಶಕರ ಮೇಲೆ ನಾನು ಹೊರಿಸುತ್ತಿರುವ ಆರೋಪ ಇದು. ಸಂಸ್ಥೆಯ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಉತ್ತರ ಕೊಡಬೇಕಾದವರಿಗೆ ತಾವು ಯಾರೆಂದು ಗೊತ್ತಿದೆ. ಈ ಆರೋಪದಲ್ಲಿ ನನಗೂ ಪಾಲಿದೆ. ಆ ಪಾಲು ಎಷ್ಟು ಎಂಬುದನ್ನು ನಾನೇ ಹೇಳುತ್ತೇನೆ.

ಸಂಸ್ಥೆಯ ನೆನಪಿನ ಸಂಚಿಕೆ ಬಂದ ಲಕೋಟೆಯನ್ನು ಹರಿದಾಗ ಮೊದಲು ಮುಖಕ್ಕೆ ಬಡಿದದ್ದು ಗೋದಾಮಿನ ವಾಸನೆ: ಬಿಸಿಲಿಗೆ ಕಾದ ರಟ್ಟು, ಅಂಟುಪಟ್ಟಿ, ಹೊಸ ರಬ್ಬರು. ಆ ವಾಸನೆ ನನ್ನನ್ನು 2022ರ ಬೇಸಿಗೆಯಲ್ಲಿ ತಂದು ನಿಲ್ಲಿಸಿತು. ಪುಟ ತಿರುಗಿಸಿದೆ. ಹನ್ನೊಂದನೆಯ ಪುಟದಲ್ಲಿ ನಾನು ಬರೆದ ನಕ್ಷೆ ಇತ್ತು. ಉಕ್ರೇನಿನ ಸೇನೆಯಲ್ಲಿ ಯಾರ ಕೆಳಗೆ ಯಾರಿದ್ದಾರೆಂದು ತೋರಿಸುವ ನಕ್ಷೆ. ಮೇಲೆ ಒಂದು ಚೌಕ, ಅದರಿಂದ ಇಳಿಯುವ ಗೆರೆಗಳು, ಗೆರೆಗಳ ತುದಿಯಲ್ಲಿ ಮತ್ತೆ ಚೌಕಗಳು. ಕೆಳಗಿನ ಸಾಲಿನ ಮೂರನೆಯ ಚೌಕಕ್ಕೆ ಹಸಿರು ಬಳಿದು ಪಕ್ಕದಲ್ಲಿ ‘ತಲುಪಿದೆ’ ಎಂದು ಬರೆದಿತ್ತು. ಆ ಚೌಕಕ್ಕೆ ಬರುವ ಗೆರೆ ಒಂದೇ ಇತ್ತು. ಎರಡಿರಬೇಕಿತ್ತು.

ಆ ವರ್ಷ ನಾನು ಲಾಂಗ್ ಬೀಚ್‌ನ ವಿಶ್ವವಿದ್ಯಾಲಯದಲ್ಲಿ ರಾಜ್ಯಶಾಸ್ತ್ರದ ಎಂ.ಎ. ಓದುತ್ತಿದ್ದೆ. ಬೇಸಿಗೆ ರಜೆಗೆ ಇಂಟರ್ನ್‌ಶಿಪ್ ಹುಡುಕುತ್ತಿದ್ದಾಗ, ಪರಿಚಯದವರ ಮನೆಯ ಊಟವೊಂದರಲ್ಲಿ ಡಾಕ್ಟರ್ ಶ್ರೀನಾಥ್ ಅಂಕಲ್ ಸಿಕ್ಕರು. ಮೈಸೂರಿನವರು, ಅರಿವಳಿಕೆ ತಜ್ಞರಾಗಿ ದುಡಿದು ನಿವೃತ್ತರಾಗಿ ಸ್ಯಾಂಟಾ ಕ್ಲಾರಿಟಾದಲ್ಲಿ ನೆಲೆಸಿದವರು, ಸಂಸ್ಥೆಯ ಅಧ್ಯಕ್ಷರು. ತಟ್ಟೆ ಹಿಡಿದು ನಿಂತಲ್ಲೇ ಅವರು ನನಗೆ ಕೆಲಸ ಕೊಟ್ಟರು.

“ನೋಡು ಸಿಂಧು, ಯುದ್ಧ ಅಂದ ತಕ್ಷಣ ಎಲ್ಲರೂ ಸಾಮಾನು ಕಳಿಸ್ತಿದ್ದಾರೆ. ಯಾರ ಕೈ ಸೇರತ್ತೋ ದೇವರಿಗೇ ಗೊತ್ತು. ನಾವು ಹಾಗೆ ಮಾಡೋದು ಬೇಡಮ್ಮ. ಆ ಸೇನೇಲಿ ಯಾರ ಕೆಳಗೆ ಯಾರಿದ್ದಾರೆ ಅಂತ ನೀನು ಓದಿ ಒಂದು ಚಾರ್ಟ್ ಮಾಡಿಕೊಡು. ಪೆಟ್ಟಿಗೆ ಮೇಲೆ ಅಡ್ರೆಸ್ ಸರಿಯಾಗಿ ಬೀಳಬೇಕು, ಅಷ್ಟೇ.”

ಅದು ಒಳ್ಳೆಯ ಮಾತು. ಇಂದಿಗೂ ಹಾಗೆಯೇ ಅನ್ನುತ್ತೇನೆ. ನನ್ನ ಸಿಟ್ಟು ಆ ಮಾತಿನ ಮೇಲಲ್ಲ, ಅದನ್ನು ಆಡಿದವರೇ ಅದನ್ನು ಕೈಬಿಟ್ಟದ್ದರ ಮೇಲೆ.

ಜೂನ್ ತಿಂಗಳ ಚಾಟ್ಸ್‌ವರ್ತ್ ಎಂದರೆ ತಗಡಿನ ಬಾಗಿಲನ್ನು ಮುಟ್ಟಿದರೆ ಬೆರಳು ಚುರ್ರೆನ್ನುವ ಬಿಸಿಲು. ಗೋದಾಮಿನ ಹಿಂದಿನ ಬಂಡೆಗುಡ್ಡಗಳು ಒಣಹುಲ್ಲಿನ ಬಣ್ಣಕ್ಕೆ ತಿರುಗಿದ್ದವು. ಒಳಗೆ ಎರಡು ದೊಡ್ಡ ಫ್ಯಾನುಗಳು ಬಿಸಿಗಾಳಿಯನ್ನೇ ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ತಳ್ಳುತ್ತಿದ್ದವು. ಅಲ್ಲಿ, ಬ್ಯಾಂಡೇಜು ಪೆಟ್ಟಿಗೆಗಳ ನಡುವೆ ಮೇಜು ಹಾಕಿಕೊಂಡು, ನಾನು ಒಂದು ದೂರದೇಶದ ಸೇನೆಯನ್ನು ಓದಿದೆ.

ಓದಿದಷ್ಟೂ ಅದರ ಕಟ್ಟಡ ಕಣ್ಣಿಗೆ ಕಟ್ಟಿತು. ಭೂಸೇನೆಯನ್ನು ದಿಕ್ಕುಗಳಿಗೆ ತಕ್ಕಂತೆ ಕಮಾಂಡುಗಳಾಗಿ ಹಂಚಿದ್ದಾರೆ. ಕಮಾಂಡಿನ ಕೆಳಗೆ ಬ್ರಿಗೇಡ್. ಆ ಸೇನೆಯಲ್ಲಿ ನಿಜವಾದ ಆಧಾರಕಂಬ ಅದೇ. ಬ್ರಿಗೇಡಿನ ಕೆಳಗೆ ಬೆಟಾಲಿಯನ್‌ಗಳು, ಅವುಗಳ ಕೆಳಗೆ ಕಂಪನಿಗಳು, ಮತ್ತೂ ಕೆಳಗೆ ಮೂವತ್ತು ಚಿಲ್ಲರೆ ಜನರ ಪ್ಲಟೂನ್. ಇದರ ಪಕ್ಕದಲ್ಲಿ, ಅದೇ ವರ್ಷದ ಆರಂಭದಲ್ಲಿ ಪ್ರತ್ಯೇಕ ಅಂಗವಾಗಿ ನಿಂತ ಪ್ರಾಂತ್ಯ ರಕ್ಷಣಾ ಪಡೆ. ಅದರ ಲೆಕ್ಕಾಚಾರ ಸರಳ: ಪ್ರಾಂತ್ಯಕ್ಕೊಂದು ಬ್ರಿಗೇಡ್, ಜಿಲ್ಲೆಗಳಿಗೆ ಬೆಟಾಲಿಯನ್‌ಗಳು. ಬಸ್ ಓಡಿಸುವವರು, ರೊಟ್ಟಿ ಸುಡುವವರು, ಶಾಲೆಯ ಮೇಷ್ಟ್ರುಗಳು ತಮ್ಮ ಊರಿನಲ್ಲೇ ಹೆಸರು ಬರೆಸಿ, ತಮ್ಮ ಊರನ್ನು ತಾವೇ ಕಾಯಬೇಕೆಂಬುದು ಅದರ ಮೂಲ ಕಲ್ಪನೆ.

ಇದೆಲ್ಲವನ್ನೂ ನನ್ನಷ್ಟೇ ಎತ್ತರದ ಕಾಗದದ ಮೇಲೆ ಬಿಡಿಸಿ ಗೋದಾಮಿನ ಗೋಡೆಗೆ ಅಂಟಿಸಿದೆ. ಪ್ರತಿ ಚೌಕಕ್ಕೂ ನನ್ನ ಬಳಿ ಪ್ರಕಟಿತ ಆಧಾರವಿತ್ತು. ಅಡಿಟಿಪ್ಪಣಿಗಳೇ ನಾಲ್ಕು ಪುಟವಾಗಿದ್ದವು. ಬಂದವರನ್ನೆಲ್ಲ ಅಂಕಲ್ ಅದರ ಮುಂದೆ ಕರೆತಂದು ನಿಲ್ಲಿಸುತ್ತಿದ್ದರು.

“ನಮ್ಮ ಸಿಂಧು ಮಾಡಿದ್ದು. ಅವರ ಜನರಲ್‌ಗೂ ಇಷ್ಟು ಕ್ಲಿಯರ್ ಆಗಿ ಗೊತ್ತಿರಲಿಕ್ಕಿಲ್ಲ!”

ಎಲ್ಲರೂ ನಗುತ್ತಿದ್ದರು. ನಾನೂ ನಗುತ್ತಿದ್ದೆ. ಆ ನಗು ಈಗ ನೆನಪಾದರೆ ಮೈ ಹಿಡಿಯಾಗುತ್ತದೆ.

ನಕ್ಷೆಯನ್ನು ಕಂಪ್ಯೂಟರಿಗೆ ಏರಿಸಿ ಪೆಟ್ಟಿಗೆಗಳ ಚೀಟಿ ತಾನಾಗಿ ಅಚ್ಚಾಗುವಂತೆ ಮಾಡಿದವನು ಕಿರಣ್. ಬೆಂಗಳೂರಿನ ಹುಡುಗ, ಸ್ಯಾನ್ ಡಿಯಾಗೊದಲ್ಲಿ ಟೆಲಿಕಾಂ ಎಂಜಿನಿಯರ್. ಶನಿವಾರ ಬೆಳಿಗ್ಗೆ ಡ್ರೈವ್ ಮಾಡಿಕೊಂಡು ಬಂದು ಭಾನುವಾರ ಸಂಜೆ ಹಿಂದಿರುಗುತ್ತಿದ್ದ. ಊಟದ ಡಬ್ಬಿ ತೆರೆದಾಗಲೆಲ್ಲ ಅವನ ಒಂದು ಗೋಳು ಇದ್ದೇ ಇರುತ್ತಿತ್ತು. ಅವನನ್ನು ಕೆಲಸಕ್ಕೆ ಇಟ್ಟುಕೊಂಡದ್ದು ಒಂದು ಕಂಪನಿ. ಅದು ಅವನನ್ನು ಕೆಲಸಕ್ಕೆ ಕಳಿಸಿದ್ದು ಇನ್ನೊಂದು ಕಂಪನಿಗೆ.

“ನಂಗೆ ಇಬ್ರು ಮ್ಯಾನೇಜರ್ಸು ಅಂಕಲ್. ಪೇರೋಲ್‌ನವನಿಗೆ ನನ್ನ ಮುಖ ಗೊತ್ತಿಲ್ಲ. ಕ್ಲೈಂಟ್ ಕಡೆಯವನಿಗೆ ನನ್ನ ಲೀವು ಗೊತ್ತಿಲ್ಲ. ಹೋದ ತಿಂಗಳು ನನ್ನ ಹೊಸ ಲ್ಯಾಪ್‌ಟಾಪ್ ನ್ಯೂಜೆರ್ಸಿ ಆಫೀಸಿಗೆ ಹೋಗಿ ಕೂತಿತ್ತು. ನಾನು ಆ ಆಫೀಸನ್ನ ಕಣ್ಣಲ್ಲೂ ನೋಡಿಲ್ಲ!”

ನಾವು ಹೊಟ್ಟೆ ತುಂಬ ನಕ್ಕೆವು. ಆಮೇಲೆ ಅವನು ಕೈ ತೊಳೆದುಕೊಂಡು ಹೋಗಿ, ಪ್ರತಿ ಸೇನಾ ಘಟಕಕ್ಕೂ ಒಬ್ಬನೇ ಮೇಲಿನವನು ಇರುವ ತಂತ್ರಾಂಶವನ್ನು ಬರೆದ. ‘ಯಾರ ಅಧೀನ’ ಎಂದು ಕೇಳುವ ಒಂದೇ ಖಾನೆ. ಅದರಲ್ಲಿ ಒಂದೇ ಹೆಸರು. ನಮ್ಮಲ್ಲಿ ಯಾರಿಗೂ ಅದು ವಿಚಿತ್ರವೆನಿಸಲಿಲ್ಲ.

ಜುಲೈನಲ್ಲಿ ಹಲೀನಾ ಬಂದಳು. ವಸಂತದಲ್ಲಿ ಮೆಕ್ಸಿಕೊದ ಗಡಿ ದಾಟಿ ಸ್ಯಾನ್ ಡಿಯಾಗೊಗೆ ಬಂದಿಳಿದ ಉಕ್ರೇನಿನ ಹೆಂಗಸು. ಅಲ್ಲಿನ ಬೇಕರಿಯೊಂದರಲ್ಲಿ ಕೆಲಸ. ವಾರಕ್ಕೊಮ್ಮೆ ರೈಲು ಹಿಡಿದು ಚಾಟ್ಸ್‌ವರ್ತ್‌ವರೆಗೆ ಬಂದು, ಪೆಟ್ಟಿಗೆಯ ಚೀಟಿಗಳಲ್ಲಿ ಅವಳ ಭಾಷೆಯ ಅಕ್ಷರಗಳು ಸರಿಯಿವೆಯೇ ಎಂದು ನೋಡಿಕೊಡುತ್ತಿದ್ದಳು. ಬರುವಾಗ ಕಾಗದದ ಚೀಲದಲ್ಲಿ ಉಳಿದ ಬನ್ನುಗಳನ್ನು ತರುತ್ತಿದ್ದಳು. ಅವಳ ತಮ್ಮ ತರಾಸ್ ಭೂಗೋಳದ ಮೇಷ್ಟ್ರು. ಯುದ್ಧದ ಮೊದಲ ವಾರದಲ್ಲೇ ತನ್ನ ಜಿಲ್ಲೆಯ ಬೆಟಾಲಿಯನ್ನಿಗೆ ಹೆಸರು ಬರೆಸಿದ್ದ.

ಮೊದಲ ದಿನವೇ ನಾನು ಅವಳನ್ನು ಗೋಡೆಯ ಮುಂದೆ ನಿಲ್ಲಿಸಿ ಹೆಮ್ಮೆಯಿಂದ ಕೆಳಗಿನ ಸಾಲಿನ ಮೂರನೆಯ ಚೌಕವನ್ನು ತೋರಿಸಿದೆ. “ಇಲ್ಲಿದ್ದಾನೆ ನಿನ್ನ ತಮ್ಮ.”

ಅವಳು ಬಹಳ ಹೊತ್ತು ನೋಡಿದಳು. ಆಮೇಲೆ ತನಗೆ ಬರುವ ಅಷ್ಟಿಷ್ಟು ಇಂಗ್ಲಿಷಿನಲ್ಲಿ ಹೇಳಿದಳು: “ಇದು ಅವನ ಮನೆ. ಅವನು ಮನೆಯಲ್ಲಿಲ್ಲ.”

ಅವಳು ವಿವರಿಸಿದ್ದು ಇಷ್ಟು. ತರಾಸನ ಬೆಟಾಲಿಯನ್ನನ್ನು ಮೇ ತಿಂಗಳ ಕೊನೆಯಲ್ಲಿ ಪಶ್ಚಿಮದ ಊರಿನಿಂದ ಎತ್ತಿ ಪೂರ್ವದ ರಣರಂಗಕ್ಕೆ ಕಳಿಸಿದ್ದಾರೆ. ಅಲ್ಲಿ ಅದು ಭೂಸೇನೆಯ ಬೇರೊಂದು ಬ್ರಿಗೇಡಿನ ಆಜ್ಞೆಯಲ್ಲಿದೆ. ಕಾಗದಪತ್ರದಲ್ಲಿ ಮಾತ್ರ ಇನ್ನೂ ತನ್ನ ಪ್ರಾಂತ್ಯದ ಬ್ರಿಗೇಡಿಗೇ ಸೇರಿದ್ದು. ಆ ಬ್ರಿಗೇಡಿನ ಉಗ್ರಾಣ ಇರುವುದು ಊರಿನಲ್ಲಿ. ಹುಡುಗರು ಇರುವುದು ರೈಲಿನಲ್ಲಿ ಒಂದಿಡೀ ದಿನದ ದೂರದಲ್ಲಿ. ಹೆಸರು ಒಂದು ಕಡೆ, ಬಂದೂಕು ಇನ್ನೊಂದು ಕಡೆ.

“ಅವರ ಕಡೆ ರಕ್ತ ನಿಲ್ಲಿಸುವ ಪಟ್ಟಿಗಳು ಸಾಲುತ್ತಿಲ್ಲ. ನಾಲ್ಕು ಜನಕ್ಕೆ ಒಂದು ಇದೆ. ದಯವಿಟ್ಟು ಅಲ್ಲಿಗೆ ಕಳಿಸಿ, ಊರಿಗೆ ಬೇಡ” ಎಂದಳು. ನಾವು ಕಳಿಸಲಿದ್ದ ಹದಿನಾಲ್ಕು ಪೆಟ್ಟಿಗೆಗಳಲ್ಲಿ ಇದ್ದದ್ದು ಅವೇ: ಗುಂಡು ಬಿದ್ದ ಕೈಕಾಲಿನ ಮೇಲ್ಭಾಗಕ್ಕೆ ಬಿಗಿದು, ಕಡ್ಡಿ ತಿರುಗಿಸಿ ರಕ್ತವನ್ನು ತಡೆಯುವ ಪಟ್ಟಿಗಳು.

ನಾನು ಆ ಶನಿವಾರ ಕಿರಣನ ಹತ್ತಿರ ಹೋಗಿ ಆ ಚೌಕಕ್ಕೆ ಇನ್ನೊಂದು ಗೆರೆ ಬೇಕೆಂದೆ.

“ಅಯ್ಯೋ ಸಿಂಧು, ಒಂದು ಮಗುಗೆ ಇಬ್ರು ಅಪ್ಪಂದಿರು ಆಗ್ಬಿಡ್ತಾರೆ. ಸಿಸ್ಟಮ್ ಒಪ್ಪಲ್ಲ.”

“ನಿನಗಿಲ್ವೇನೋ ಇಬ್ರು ಮ್ಯಾನೇಜರ್ಸು?”

“ನಾನು ಮನುಷ್ಯ ಕಣೇ, ಹೇಗೋ ಅಡ್ಜಸ್ಟ್ ಮಾಡ್ಕೋತೀನಿ. ಇದು ಡೇಟಾಬೇಸು. ಒಂದು ಖಾನೆ ಸೇರಿಸಿದ್ರೆ ಲೇಬಲ್ಲು, ರಿಪೋರ್ಟು ಎಲ್ಲಾ ಮತ್ತೆ ಬರೀಬೇಕು. ಮೂರು ವೀಕೆಂಡ್ ಬೇಕು.”

“ಹಾಗಾದ್ರೆ ಅಪ್ಪನ್ನೇ ಬದಲಾಯಿಸು.”

“ಅದು ಅಂಕಲ್ ಹೇಳಬೇಕು. ಅವರು ಅಪ್ರೂವ್ ಮಾಡಿದ ಚಾರ್ಟ್ ಅದು.”

ಗುರುವಾರ ಕಂಟೇನರಿಗೆ ಬಾಗಿಲು ಹಾಕುವುದಿತ್ತು. ಮಂಗಳವಾರ ಅಂಕಲ್ ಸಭೆ ಕರೆದರು. ಗೋದಾಮಿನ ಮೇಜಿನ ಸುತ್ತ ಅವರು, ಇನ್ನಿಬ್ಬರು ನಿರ್ದೇಶಕರು, ನಾನು. ಕಿರಣ್ ಸ್ಯಾನ್ ಡಿಯಾಗೊದಿಂದ ಫೋನಿನಲ್ಲಿ. ಹಲೀನಾ ಹೇಳಿದ್ದನ್ನು ನಾನು ಒಪ್ಪಿಸಿದೆ. ಅಂಕಲ್ ಸಾವಧಾನವಾಗಿಯೇ ಕೇಳಿದರು. ಕನ್ನಡಕ ತೆಗೆದು ನನ್ನ ಕಡೆ ತಿರುಗಿದರು.

“ನೀನು ಓದಿದವಳು. ನಿನ್ನ ಮಾತಿನ ಮೇಲೆ ನಾನು ಹೋಗ್ತೀನಿ. ಆ ಹೆಂಗಸು ಹೇಳ್ತಿರೋದು ಖಾತ್ರಿಯಾ?”

ಅಲ್ಲಿ, ಆ ಒಂದು ಗಳಿಗೆಯಲ್ಲಿ, ಎರಡನೆಯ ಗೆರೆ ನನ್ನ ನಾಲಿಗೆಯ ತುದಿಯಲ್ಲಿತ್ತು.

“ಪ್ರಕಟಿತ ಆಧಾರ ಇಲ್ಲ ಅಂಕಲ್. ಅವಳ ತಮ್ಮ ಫೋನಲ್ಲಿ ಹೇಳಿದ್ದು, ಅಷ್ಟೇ” ಎಂದೆ.

ಇದು ನನ್ನ ತಪ್ಪು. ಇದನ್ನು ಹೊರಲು ಬೇರೆ ಯಾರೂ ಇಲ್ಲ. ಸುಳ್ಳು ಹೇಳಲಿಲ್ಲ, ವಿಶ್ವವಿದ್ಯಾಲಯ ನನಗೆ ಕಲಿಸಿದ್ದನ್ನೇ ಹೇಳಿದೆ. ಆಧಾರವಿಲ್ಲದ ಮಾತನ್ನು ನಂಬಬಾರದೆಂದು ಕಲಿಸಿದ್ದರು. ಆದರೆ ಯುದ್ಧದಲ್ಲಿರುವ ಯಾವ ಸೇನೆ ತನ್ನ ಬೆಟಾಲಿಯನ್ ಎಲ್ಲಿದೆ, ಯಾರ ಆಜ್ಞೆಯಲ್ಲಿದೆ ಎಂದು ಪ್ರಕಟಿಸುತ್ತದೆ? ನನ್ನ ನಾಲ್ಕು ಪುಟದ ಅಡಿಟಿಪ್ಪಣಿಗಳು ಹೇಳುತ್ತಿದ್ದುದು ಶಾಂತಿಕಾಲದ ಸೇನೆಯ ಕಥೆ. ಯುದ್ಧಕಾಲದ ಸೇನೆ ಗೊತ್ತಿದ್ದದ್ದು ಬನ್ನಿನ ಚೀಲ ಹಿಡಿದು ರೈಲಿನಲ್ಲಿ ಬರುತ್ತಿದ್ದ ಹೆಂಗಸಿಗೆ. ಅವಳು ಹೇಳುವ ರಚನೆ ಇರಲು ಸಾಧ್ಯವೆಂದು ನನಗಿಂತ ಚೆನ್ನಾಗಿ ಬಲ್ಲವರಾದರೂ ಯಾರು? ನನ್ನ ಅಮ್ಮ ಸರ್ಕಾರಿ ಶಾಲೆಯ ಮೇಡಂ. ಅವರ ಹೆಸರು, ಸಂಬಳ ಒಂದು ಶಾಲೆಯಲ್ಲಿ. ಏಳು ವರ್ಷ ಅವರು ನಿಯೋಜನೆಯ ಮೇಲೆ ಪಾಠ ಮಾಡಿದ್ದು ಬೇರೊಂದು ಶಾಲೆಯಲ್ಲಿ. ಅವರಿಗೆ ಬಂದ ಪತ್ರಗಳು ಹೆಸರಿದ್ದ ಶಾಲೆಯ ಬೀರುವಿನಲ್ಲಿ ಕೂತಿರುತ್ತಿದ್ದವು. ನಿಯೋಜನೆ ಎಂಬ ಪದ ಕೇಳಿಕೊಂಡೇ ನಾನು ಬೆಳೆದವಳು. ಮೇಜಿನ ಆ ಬದಿಗೆ ರಕ್ತ ಹರಿದುಹೋದರೆ ಏನಾಗುತ್ತದೆಂದು ಬಲ್ಲ ಡಾಕ್ಟರು, ಫೋನಿನ ಆ ತುದಿಗೆ ಇಬ್ಬರು ಮ್ಯಾನೇಜರುಗಳ ಕಿರಣ್, ಈ ಬದಿಗೆ ನಿಯೋಜನೆಯ ಮೇಡಂನ ಮಗಳು. ತಿಳಿಯದೆ ಮಾಡಿದೆವೆನ್ನಲು ನಮಗೆ ಯಾವ ಹಕ್ಕೂ ಇಲ್ಲ.

“ಆಧಾರ ಇಲ್ಲ ಅಂದ್ಮೇಲೆ ಚಾರ್ಟ್ ಪ್ರಕಾರವೇ ಹೋಗಲಿ” ಎಂದರು ಅಂಕಲ್. “ಅವರವರ ಬ್ರಿಗೇಡಿಗೆ ಹೋದ್ರೆ ಅವರು ತಮ್ಮ ಹುಡುಗರಿಗೆ ಮುಟ್ಟಿಸಲ್ವಾ? ನೀನು ಬೇಕಾದ್ರೆ ಒಂದು ಷರಾ ಬರಿ.”

ಷರಾ ಬರೆದೆ. ‘ಈ ಬೆಟಾಲಿಯನ್ ಬೇರೆ ಬ್ರಿಗೇಡಿನ ಆಜ್ಞೆಯಲ್ಲಿರುವ ಸಾಧ್ಯತೆ ಇದೆ, ಪರಿಶೀಲಿಸಬೇಕು.’ ಷರಾ ಖಾನೆಯಲ್ಲಿ ಬರೆದದ್ದು ಪೆಟ್ಟಿಗೆಯ ಚೀಟಿಯ ಮೇಲೆ ಅಚ್ಚಾಗುವುದಿಲ್ಲವೆಂದು ನನಗೆ ಗೊತ್ತಿತ್ತು. ಆ ಹದಿನಾಲ್ಕು ಚೀಟಿಗಳನ್ನು ಅಂಟಿಸಿದ್ದೂ ನನ್ನದೇ ಕೈ.

ಗುರುವಾರ ಬಂದ ಹಲೀನಾ ಚೀಟಿಗಳನ್ನು ಓದಿದಳು. ಜಗಳವಾಡಲಿಲ್ಲ. “ಅಕ್ಷರ ಸರಿ ಇದೆ” ಎಂದು ಹೇಳಿ ಹೊರಟುಹೋದಳು.

ಆಗಸ್ಟ್ ಪೂರ್ತಿ ನಾನು ಲಾಂಗ್ ಬೀಚ್‌ನಲ್ಲಿ ಓದಿನ ಕೋಣೆಯಿಂದ ಹೊರಬಂದಾಗಲೆಲ್ಲ ದೂರದ ಬಂದರಿನ ಕ್ರೇನುಗಳು ಕಾಣುತ್ತಿದ್ದವು. ನಮ್ಮ ಪೆಟ್ಟಿಗೆ ಹೊತ್ತ ಹಡಗು ಅಲ್ಲಿಂದಲೇ ಹೊರಟಿತ್ತು. ಸೆಪ್ಟೆಂಬರಿನ ಬಿಸಿ ಇಳಿಯಿತು. ಅಕ್ಟೋಬರಿನಲ್ಲಿ ಒಂದು ಸಂಜೆ ಕಿರಣ್ ನಮ್ಮ ಗುಂಪಿಗೆ ಪರದೆಯ ಚಿತ್ರವೊಂದನ್ನು ಕಳಿಸಿದ: ಮೂರನೆಯ ಚೌಕ ಹಸಿರಾಗಿತ್ತು. ಪಶ್ಚಿಮದ ಊರಿನ ಉಗ್ರಾಣದಲ್ಲಿ ಯಾರೋ ಸಹಿ ಹಾಕಿ ಪೆಟ್ಟಿಗೆ ಇಳಿಸಿಕೊಂಡಿದ್ದರು. ಅವರ ತಪ್ಪೇನೂ ಇಲ್ಲ. ಚೀಟಿಯ ಮೇಲೆ ಇದ್ದದ್ದು ಅವರದೇ ಬ್ರಿಗೇಡಿನ ಹೆಸರು. ಗುಂಪಿನ ತುಂಬ ಕೈಮುಗಿಯುವ ಚಿಹ್ನೆಗಳು ಬಂದವು. ನಾನೂ ಒಂದು ಹಾಕಿದೆ.

ನವೆಂಬರಿನಲ್ಲಿ ಹಲೀನಾ ಫೋನ್ ಮಾಡಿದಳು. ತರಾಸ್ ಬದುಕಿದ್ದ. ಅವನ ಪಕ್ಕದಲ್ಲಿದ್ದ ಗೆಳೆಯನ ತೊಡೆಗೆ ಸಿಡಿಗುಂಡಿನ ಚೂರು ಬಡಿದಿತ್ತು. ಪ್ಲಟೂನಿನಲ್ಲಿದ್ದ ಪಟ್ಟಿಗಳೆಲ್ಲ ಅಷ್ಟರಲ್ಲಿ ಬೇರೆಯವರ ಮೈಮೇಲಿದ್ದವು. ತರಾಸ್ ತನ್ನ ಸೊಂಟದ ಬೆಲ್ಟು ಬಿಚ್ಚಿ ಬಿಗಿದಿದ್ದ. ಬೆಲ್ಟು ಸಾಕಾಗಲಿಲ್ಲ.

“ಪಟ್ಟಿ ಇದ್ದಿದ್ದರೆ ಉಳಿಯುತ್ತಿದ್ದನೋ ಇಲ್ಲವೋ ಗೊತ್ತಿಲ್ಲ” ಎಂದಳು ಅವಳೇ. ನನ್ನನ್ನು ಸಮಾಧಾನ ಮಾಡುವಂತೆ. ಅದನ್ನು ಕೇಳಿ ನಾನು ಇನ್ನಷ್ಟು ಕುಗ್ಗಿದೆ. ಪೆಟ್ಟಿಗೆಗಳು ಆಗಲೂ ಉಗ್ರಾಣದಲ್ಲೇ ಇದ್ದವು.

ಮರುದಿನವೇ ನಿರ್ದೇಶಕರಿಗೆ ಪತ್ರ ಬರೆದೆ. ಹಸಿರನ್ನು ತೆಗೆಯಿರಿ, ‘ತಲುಪಿದೆ’ ಎಂಬುದನ್ನು ತಿದ್ದಿ, ಎರಡನೆಯ ಖಾನೆ ಸೇರಿಸಿ ಎಂದೆ. ಹತ್ತು ದಿನಗಳ ಮೇಲೆ ಎರಡು ಸಾಲಿನ ಉತ್ತರ ಬಂತು: ಸಹಿ ಇರುವುದರಿಂದ ತಾಂತ್ರಿಕವಾಗಿ ತಲುಪಿದಂತೆಯೇ, ನನ್ನ ಕಾಳಜಿಗೆ ಧನ್ಯವಾದ. ಅಂಕಲ್ ಪ್ರತ್ಯೇಕವಾಗಿ ಫೋನ್ ಮಾಡಿದರು. “ದಾನ ಕೊಟ್ಟವರಿಗೆ ಈಗ ಏನಂತ ಹೇಳೋದಮ್ಮ? ಮುಂದಿನ ಸಲ ನೋಡ್ಕೊಳ್ಳೋಣ. ನೀನು ಮನಸ್ಸಿಗೆ ಹಚ್ಚಿಕೋಬೇಡ, ಪರೀಕ್ಷೆ ಕಡೆ ಗಮನ ಕೊಡು.”

ಪರೀಕ್ಷೆಯ ಕಡೆ ಗಮನ ಕೊಟ್ಟೆ. ಪದವಿ ಪಡೆದೆ, ಕೆಲಸಕ್ಕೆ ಅಪ್ಲೈ ಮಾಡಿದೆ, ಮನೆ ಬದಲಿಸಿದೆ. ಇನ್ನೊಂದು ಪತ್ರ ಬರೆಯಲಿಲ್ಲ.

ಸಂಚಿಕೆ ಬಂದ ವಾರದ ಭಾನುವಾರ ಅದನ್ನು ಚೀಲದಲ್ಲಿಟ್ಟುಕೊಂಡು ಸ್ಯಾನ್ ಡಿಯಾಗೊಗೆ ಹೋದೆ. ಹಲೀನಾ ಇನ್ನೂ ಅದೇ ಬೇಕರಿಯಲ್ಲಿದ್ದಾಳೆ. ಇಂಗ್ಲಿಷ್ ಈಗ ಚೆನ್ನಾಗಿದೆ, ಕೂದಲು ಬೆಳ್ಳಗಾಗಿದೆ. ಹಿಂದಿನ ಬಾಗಿಲ ಮೆಟ್ಟಿಲಿನ ಮೇಲೆ ಕೂತು ಹನ್ನೊಂದನೆಯ ಪುಟ ನೋಡಿದಳು. ಹಿಟ್ಟು ಮೆತ್ತಿದ ಬೆರಳು ನೇರವಾಗಿ ಮೂರನೆಯ ಚೌಕಕ್ಕೆ ಹೋಯಿತು.

“ಪೆಟ್ಟಿಗೆಗಳನ್ನು ಕೊನೆಗೆ ಊರಿನ ಆಸ್ಪತ್ರೆಗೆ ಕೊಟ್ಟರಂತೆ. ಹಾಳಾಗಲಿಲ್ಲ” ಎಂದಳು. ಬೆರಳನ್ನು ಚೌಕದ ಮೇಲೇ ಇಟ್ಟುಕೊಂಡು ಕೇಳಿದಳು: “ನಿಮ್ಮವರು ಈಗಲೂ ಇದನ್ನು ನೋಡಿಯೇ ಕಳಿಸುತ್ತಾರಾ?”

ನನಗೆ ಗೊತ್ತಿರಲಿಲ್ಲ. ಅಲ್ಲಿಂದಲೇ ಕಿರಣನಿಗೆ ಫೋನ್ ಮಾಡಿದೆ. ಹಲೀನಾ ಕೇಳಿದ್ದನ್ನೇ ಕೇಳಿದೆ. ಅವನು ಹೇಳಿದ: “ಹೂಂ ಸಿಂಧು. ಅದೇ ಸಿಸ್ಟಮ್ಮು. ಒಂದೇ ಖಾನೆ. ಆಮೇಲೆ ಯಾರೂ ಕೇಳಲಿಲ್ಲ ನೋಡು.”

“ನೀನು ಕೇಳಬಹುದಿತ್ತು.”

“ನೀನೂ ಕೇಳಬಹುದಿತ್ತು” ಎಂದ. ಅವನ ದನಿಯಲ್ಲಿ ಚುಚ್ಚುವ ಉದ್ದೇಶವಿರಲಿಲ್ಲ. ಇದ್ದದ್ದು ನನ್ನಲ್ಲಿದ್ದ ನಾಚಿಕೆಯೇ.

ಆದುದರಿಂದ ಸಂಸ್ಥೆಯ ಅಧ್ಯಕ್ಷರನ್ನೂ ನಿರ್ದೇಶಕ ಮಂಡಳಿಯನ್ನೂ ಈ ಬರಹದ ಮೂಲಕ ಬಹಿರಂಗವಾಗಿ ಕೋರುತ್ತೇನೆ. ಆ ಹದಿನಾಲ್ಕು ಪೆಟ್ಟಿಗೆಗಳ ಮುಂದೆ ಬರೆದಿರುವ ‘ತಲುಪಿದೆ’ ಎಂಬ ಪದವನ್ನು ಹೊಡೆದುಹಾಕಿ, ನಿಜವಾಗಿ ನಡೆದದ್ದನ್ನು ಬರೆಯಬೇಕು. ತಿದ್ದುಪಡಿಯನ್ನು ಸಂಚಿಕೆ ಹೋದ ಪ್ರತಿ ಮನೆಗೂ ಅದೇ ಅಂಚೆಯಲ್ಲಿ ಕಳಿಸಬೇಕು. ಘಟಕ ಯಾರಿಗೆ ಸೇರಿದ್ದು ಎಂಬ ಖಾನೆಯ ಪಕ್ಕದಲ್ಲಿ, ಇಂದು ಯಾರ ಆಜ್ಞೆಯಲ್ಲಿದೆ ಎಂಬ ಖಾನೆ ಇಲ್ಲದೆ ಇನ್ನೊಂದು ಪೆಟ್ಟಿಗೆಯೂ ಚಾಟ್ಸ್‌ವರ್ತ್‌ನಿಂದ ಹೊರಡಬಾರದು. ಆ ಎರಡನೆಯ ಖಾನೆಯನ್ನು ತುಂಬುವಾಗ ಅಲ್ಲಿನವರ ಮಾತನ್ನೇ ಆಧಾರವೆಂದು ಒಪ್ಪಬೇಕು. ಕಿರಣ್ ಮೂರು ವಾರಾಂತ್ಯ ಕೊಡಲು ಸಿದ್ಧನಿದ್ದಾನೆ. ನಾನೂ ಅವನ ಪಕ್ಕದಲ್ಲಿ ಕೂರುತ್ತೇನೆ. ನಿಮ್ಮ ಒಪ್ಪಿಗೆಯೊಂದು ಬೇಕು.

ತಪ್ಪು ಹೇಗಾಯಿತೆಂದು ಬರೆಯುವಾಗ ನಕ್ಷೆ ಬರೆದವಳ ಹೆಸರನ್ನು ಬಿಡಬೇಡಿ. ಖಾತ್ರಿಯೇ ಎಂದು ಕೇಳಿದಾಗ ಅವಳು ಕೊಟ್ಟ ಉತ್ತರವನ್ನೂ ಬಿಡಬೇಡಿ.

ನಿಮ್ಮ ಉತ್ತರವನ್ನು ನನಗೆ ಕಳಿಸುವ ಅಗತ್ಯವಿಲ್ಲ. ಅದನ್ನು ಹಲೀನಾಳಿಗೆ ಬರೆಯಿರಿ. ಅವಳ ವಿಳಾಸ ನಿಮ್ಮ ದಾಖಲೆಯಲ್ಲಿದೆ. ಅದು ಸರಿಯಾಗಿಯೇ ಇದೆ. ನಾನು ಹೋಗಿ ನೋಡಿಕೊಂಡು ಬಂದಿದ್ದೇನೆ.